ಬೀಟೆಯ ಚೌಕಟ್ಟು, ಬೆತ್ತದ ನೇಯ್ಗೆ

ಹಳೆಯ ಸೋಫಾದ ಯೋಗ್ಯತೆ ತಿಳಿಯಬೇಕಾದರೆ ಅದರ ಮೇಲೆ ಕೂರುವ ಮೊದಲು ಅದನ್ನು ಕವುಚಿ ಹಾಕಬೇಕು. ಶಿವಮೊಗ್ಗದ ರಾಗಿಗುಡ್ಡದ ಮರಗೆಲಸದ ಶೆಡ್ಡೊಂದರಲ್ಲಿ ಹಿರಿಯ ಆಚಾರರೊಬ್ಬರು ಮೂವರು ಕೂರುವ ಬೀಟೆ ಸೋಫಾವನ್ನು ಇಬ್ಬರು ಹುಡುಗರ ಕೈಲಿ ಎತ್ತಿಸಿ, ಗೋಣಿತಾಟಿನ ಮೇಲೆ ತಲೆಕೆಳಗು ಮಾಡಿ ಮಲಗಿಸಿದ್ದರು. ತೀರ್ಥಹಳ್ಳಿ ಕಡೆಯ ಮನೆಯದು. ಬೆತ್ತ ಹರಿದು ಜೋತುಬಿದ್ದಿತ್ತು, ಒಂದು ಕೈ ಅಲುಗುತ್ತಿತ್ತು. "ಮೇಲಿಂದ ನೋಡಿದ್ರೆ ಪಾಲಿಶ್ ಕಾಣ್ತದೆ ಅಷ್ಟೆ ಸಾರ್. ಮಾಡಿದವ್ರ ಕೈ ಕಾಣ್ಬೇಕು ಅಂದ್ರೆ ಅಡಿ ನೋಡ್ಬೇಕು" ಎಂದರು. ಅಡಿಯಲ್ಲಿ ಪಾಲಿಶ್ ಇರಲಿಲ್ಲ. ಕೀಸುಳಿ ಓಡಿದ ಜಾಡು ಸಣ್ಣ ಸಣ್ಣ ಅಲೆಯಾಗಿ ಹಾಗೇ ಉಳಿದಿತ್ತು. ಕಾಲು ಮತ್ತು ಅಡ್ಡಪಟ್ಟಿ ಕೂಡುವ ಕಡೆ ಕಬ್ಬಿಣದ ಮೊಳೆ ಒಂದೂ ಇಲ್ಲ, ಎರಡೆರಡು ಮರದ ಗೂಟ. ಮೂಲೆಯಲ್ಲಿ ಉಳಿಯಿಂದ ಎಳೆದ ಮೂರು ಗೀರು. ಯಾವ ಕಾಲು ಯಾವ ಕಂಡಿಗೆ ಎಂಬುದು ಮರೆಯದಿರಲೆಂದು ಅದನ್ನು ಮಾಡಿದ ಆಚಾರರು ಹಾಕಿಕೊಂಡ ಗುರುತು ಅದು.

ಹಳೆಯ ಪೀಠೋಪಕರಣ ಕೊಳ್ಳುವ ಸ್ವೀಡನ್ನಿನ ಜನರೂ ಮೊದಲು ಮಾಡುವುದು ಇದನ್ನೇ. ಸೋಫಾವನ್ನು ಮಗುಚಿ, ಕೈಕೀಸುಳಿಯ ಜಾಡು ಇದೆಯೇ, ಕೂಡುಗಳಲ್ಲಿ ಮರದ ಗೂಟ ಇದೆಯೇ, ಸಂದಿನಲ್ಲಿ ಮೊದಲು ಬಳಿದ ಬಣ್ಣದ ಚೂರು ಉಳಿದಿದೆಯೇ ಎಂದು ಹುಡುಕುತ್ತಾರೆ. ಪುರಾತನ ಸ್ವೀಡಿಶ್ ಸೋಫಾ ಇಂದು ಜಗತ್ತಿನ ಸಿರಿವಂತರ ದಿವಾನಖಾನೆಗಳಲ್ಲಿ ಗೌರವದ ಜಾಗ ಪಡೆದಿದೆ. ಅದರ ಬಗ್ಗೆ ದಪ್ಪ ಪುಸ್ತಕಗಳಿವೆ, ಹರಾಜುಗಳಿವೆ. ಅದೇ ಗುಣದ, ಅದಕ್ಕಿಂತ ಗಟ್ಟಿ ಮರದ ಆಸನಗಳು ನಮ್ಮ ಮಲೆನಾಡಿನ ಜಗಲಿಗಳಲ್ಲಿ, ಶಿವಮೊಗ್ಗದ ಹಳೆ ಬೀದಿಗಳ ಮನೆಗಳಲ್ಲಿ, ಭದ್ರಾವತಿಯ ಕ್ವಾರ್ಟರ್ಸುಗಳಲ್ಲಿ ಕಳೆದ ತಲೆಮಾರಿನವರೆಗೆ ಧಾರಾಳವಾಗಿದ್ದವು. ಈಗ ಒಂದೊಂದಾಗಿ ಮನೆಬಿಟ್ಟು ಹೋಗುತ್ತಿವೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನಾವು ಕಳೆದುಕೊಳ್ಳುತ್ತಿರುವುದು ಎಂಥದ್ದೆಂದು ಸ್ಪಷ್ಟವಾಗುತ್ತದೆ.

ಸ್ವೀಡನ್ನಿನ ಕತೆ ಶುರುವಾಗುವುದು ಒಬ್ಬ ರಾಜನಿಂದ. 1771ರಲ್ಲಿ ತಂದೆ ತೀರಿಕೊಂಡ ಸುದ್ದಿ ಬಂದಾಗ ಮೂರನೇ ಗುಸ್ತಾವ್ ಪ್ಯಾರಿಸ್ಸಿನಲ್ಲಿದ್ದ. ಫ್ರಾನ್ಸಿನ ರಾಜಮನೆಗಳ ಸೊಗಸು ಕಣ್ಣಲ್ಲಿ ತುಂಬಿಕೊಂಡು ಊರಿಗೆ ಮರಳಿದ. 1792ರಲ್ಲಿ ಸಂಗೀತನಾಟಕ ಗೃಹದ ಮುಖವಾಡದ ಕುಣಿತದ ಸಭೆಯಲ್ಲಿ ಗುಂಡೇಟು ತಿಂದು ಸಾಯುವವರೆಗೆ ಆ ಅಭಿರುಚಿಯನ್ನು ತನ್ನ ನಾಡಿನಲ್ಲಿ ಬೆಳೆಸಿದ. ಆ ಕಾಲದ ಶೈಲಿಗೆ ಗುಸ್ತಾವಿಯನ್ ಎಂದೇ ಹೆಸರು. ನೆಟ್ಟಗೆ ಇಳಿದು ತುದಿಯಲ್ಲಿ ಸಪೂರಾಗುವ ಕಾಲು, ಕಾಲಿನ ಉದ್ದಕ್ಕೂ ಕೊರೆದ ಗೀರುಗಳು, ಕಾಲು ಪಟ್ಟಿಗೆ ಸೇರುವ ಚೌಕದಲ್ಲಿ ಒಂದು ಪುಟ್ಟ ಹೂ. ಅದರಾಚೆಗೆ ಅಲಂಕಾರ ಕಡಿಮೆ.

ಪ್ಯಾರಿಸ್ಸಿನವರಂತೆ ಚಿನ್ನದ ರೇಕು ಹಚ್ಚಲು, ಮಹಾಗನಿ ತರಿಸಲು ಸ್ವೀಡನ್ನಿನ ಎಲ್ಲ ಮನೆಗಳಿಗೂ ಹಣ ಎಲ್ಲಿಂದ ಬರಬೇಕು? ಅವರ ಕಾಡಿನಲ್ಲಿದ್ದದ್ದು ಪೈನ್, ಬರ್ಚ್, ಆಲ್ಡರ್. ಮೆದುವಾದ ತಿಳಿ ಬಣ್ಣದ ಮರಗಳು. ಹಾಗಾಗಿ ಬಣ್ಣ ಬಳಿದರು. ಅಗಸೆ ಎಣ್ಣೆಯಲ್ಲಿ ಕಲಸಿದ ಬೂದುಬಿಳಿ, ಮುತ್ತಿನ ಬಣ್ಣ, ತಿಳಿನೀಲಿ. ಹೊತ್ತು ಬೇಗ ಮುಳುಗುವ, ತಿಂಗಳುಗಟ್ಟಲೆ ಕತ್ತಲ ಚಳಿಗಾಲದ ನಾಡಿನಲ್ಲಿ ಮೇಣದ ಬತ್ತಿಯ ಬೆಳಕನ್ನು ಹಿಂದಕ್ಕೆ ಕೊಡುವ ಬಣ್ಣಗಳು ಇವು. ಕೂರುವ ಜಾಗಕ್ಕೆ ಬಿಗಿದ ಪಟ್ಟಿಗಳ ಮೇಲೆ ನಾರು, ಕುದುರೆ ಕೂದಲು ತುಂಬಿ, ಮೇಲೊಂದು ಚೌಕಳಿಯ ಲಿನನ್ ಬಟ್ಟೆ. ಆ ಹೊದಿಕೆಯನ್ನು ಬಿಚ್ಚಿ ಒಗೆದು ಮತ್ತೆ ಹಾಕಬಹುದಿತ್ತು. ಸುರುಳಿ ಸ್ಪ್ರಿಂಗು ಬಂದದ್ದು ಆಮೇಲೆ, 19ನೇ ಶತಮಾನದಲ್ಲಿ. ಸ್ಟಾಕ್‌ಹೋಮಿನಲ್ಲಿ ಕುರ್ಚಿ ಮಾಡುವವರದೇ ಒಂದು ಸಂಘ ಇತ್ತು. ಎಫ್ರಾಯಿಮ್ ಸ್ಟೋಲ್‌ನಂಥ ನುರಿತವರ ಹೆಸರನ್ನು ಇಂದಿಗೂ ಕೊಳ್ಳುವವರು ಮಂತ್ರದಂತೆ ಹೇಳುತ್ತಾರೆ. ಗೋಥೆನ್‌ಬರ್ಗ್ ಪಕ್ಕದ ಲಿಂಡೋಮೆ ಎಂಬ ಹಳ್ಳಿಗಾಡಿನಲ್ಲಿ ಮಾತ್ರ ಬೇಸಾಯದ ಮನೆಗಳವರೇ ಮರಗೆಲಸ ಕಲಿತು, ಪೇಟೆಯ ಶೈಲಿಯ ಕುರ್ಚಿ, ಮೇಜುಗಳನ್ನು ಮಾಡಿ ಮಾರುತ್ತಿದ್ದರು.

ಅರಮನೆಯ ಸೋಫಾಗಳಿಗಿಂತ ನನಗೆ ಹೆಚ್ಚು ಇಷ್ಟವಾಗುವುದು ಅವರ ಅಡುಗೆಮನೆಯ ಸೋಫಾ. ಅದು ಒರಗುವ ಹಲಗೆಯಿರುವ ಮರದ ಉದ್ದ ಬೆಂಚು. ಕೂರುವ ಹಲಗೆ ಎತ್ತಿದರೆ ಒಳಗೆ ಪೆಟ್ಟಿಗೆ. ಎಷ್ಟೋ ಸೋಫಾಗಳಲ್ಲಿ ಆ ಪೆಟ್ಟಿಗೆಯ ಮುಂಭಾಗವನ್ನು ಹೊರಕ್ಕೆಳೆದರೆ ಅಗಲವಾಗಿ ಮಂಚವಾಗುತ್ತದೆ. ಹುಲ್ಲು ತುಂಬಿದ ಹಾಸಿಗೆ ಅದರೊಳಗೇ ಇರುತ್ತಿತ್ತು. ಹಗಲು ಊಟಕ್ಕೆ ಕೂರಲು, ರಾತ್ರಿ ಮಕ್ಕಳೋ ಮನೆಗೆಲಸದವರೋ ಒಲೆಯ ಕಾವಿನ ಹತ್ತಿರ ಮಲಗಲು. ಕಾಸರಗೋಡು, ದಕ್ಷಿಣ ಕನ್ನಡದ ಹಳೆ ಮನೆಗಳನ್ನು ಕಂಡವರಿಗೆ ತಟ್ಟನೆ ಪತ್ತಾಯ ನೆನಪಾಗಬೇಕು. ಅಕ್ಕಿ, ಭತ್ತ ತುಂಬಿಡುವ ಆ ಭಾರೀ ಮರದ ಪೆಟ್ಟಿಗೆಯ ಮುಚ್ಚಳವೇ ಮನೆಯ ಹಿರಿಯರ ಹಾಸಿಗೆಯ ಜಾಗ. ಇಕ್ಕಟ್ಟಿನ ಮನೆ, ತುಂಬಿದ ಸಂಸಾರ, ಗಟ್ಟಿ ಮರ ಇದ್ದಲ್ಲೆಲ್ಲ ಆಚಾರರ ಬುದ್ಧಿ ಓಡಿದ್ದು ಒಂದೇ ದಾರಿಯಲ್ಲಿ.

ನಮ್ಮ ಕಾಡಿಗೂ ಆ ದೇಶಕ್ಕೂ ಇನ್ನೊಂದು ನಂಟಿದೆ. ಸಸ್ಯಗಳಿಗೆ ಎರಡು ಪದದ ಹೆಸರಿಡುವ ಕ್ರಮವನ್ನು ಗಟ್ಟಿಗೊಳಿಸಿದ ಕಾರ್ಲ್ ಲಿನೇಯಸ್ ಸ್ವೀಡನ್ನಿನವನು. 1780ರ ದಶಕದ ಆರಂಭದಲ್ಲಿ ತೇಗಕ್ಕೆ ಟೆಕ್ಟೋನಾ ಗ್ರ್ಯಾಂಡಿಸ್ ಎಂದು ಹೆಸರಿಟ್ಟದ್ದು ಅವನ ಮಗ. ಬೀಟೆಯ ಕುಲಕ್ಕೆ ಡಾಲ್‌ಬರ್ಗಿಯಾ ಎಂದು ಕರೆದವನೂ ಅವನೇ. ನಿಲ್ಸ್ ಡಾಲ್‌ಬರ್ಗ್ ಎಂಬ ಸ್ವೀಡಿಶ್ ವೈದ್ಯನ ಗೌರವಾರ್ಥ ಇಟ್ಟ ಹೆಸರು ಅದು. ಆ ಡಾಲ್‌ಬರ್ಗ್ ಗುಸ್ತಾವ್ ರಾಜನ ಆಸ್ಥಾನದ ವೈದ್ಯನಾಗಿದ್ದ. ಸೋಫಾ ಶೈಲಿಗೆ ರಾಜನ ಹೆಸರು, ತೀರ್ಥಹಳ್ಳಿಯ ಬೀಟೆಗೆ ಆತನ ವೈದ್ಯನ ಹೆಸರು! ರಾಗಿಗುಡ್ಡದ ಆಚಾರರಿಗೆ ಇದನ್ನು ಹೇಳಿದಾಗ ಅವರು ಸೋಫಾದ ಕಾಲಿನ ಮೇಲೆ ಅಂಗೈ ಆಡಿಸುತ್ತಾ, "ಅವ್ರಿಗೆ ಇಂಥ ಮರ ಸಿಕ್ಕಿದ್ರೆ ಬಣ್ಣ ಬಳೀತಿರ್ಲಿಲ್ಲ ಬಿಡಿ" ಎಂದರು. ಆ ಮಾತು ನೂರಕ್ಕೆ ನೂರು ನಿಜ. ಬೀಟೆಯ ಚೇಗಿನ ಕಪ್ಪುನೇರಳೆ ಗೆರೆಗಳ ಮೇಲೆ ಬಣ್ಣ ಬಳಿಯುವ ಮನಸ್ಸು ಯಾರಿಗೂ ಬಾರದು.

ಮಲೆನಾಡಿನವರು ಮೊದಲಿಂದಲೂ ಕುರ್ಚಿಯ ಜನರಲ್ಲ. ಜಗಲಿ, ಚಾಪೆ, ಮಣೆ ಇವೇ ನಮ್ಮ ಆಸನ. ಮುಂಡಿಗೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂರುವ ಸುಖವನ್ನು ತೊಟ್ಟಿಮನೆಗಳಲ್ಲಿ ಬೆಳೆದವರು ಇಂದಿಗೂ ಮರೆತಿಲ್ಲ. ಆದರೆ ಮರ ತಿಳಿದ ಕೈಗಳು ಇಲ್ಲಿ ಆಗಲೇ ಇದ್ದವು. ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ಶಿವಪ್ಪ ನಾಯಕನ ಹೆಸರಿನಲ್ಲಿರುವ ಅರಮನೆಯ ದರ್ಬಾರ್ ಹಾಲಿಗೆ ಹೋಗಿ ಆ ಮರದ ಕಂಬಗಳ ಸಾಲಿನ ನಡುವೆ ನಿಂತರೆ ಸಾಕು, ಈ ನೆಲದ ಮರಗೆಲಸದ ತೂಕ ಗೊತ್ತಾಗುತ್ತದೆ. ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆಯದು ಇನ್ನೊಂದೇ ಲೋಕ. ಕುಪ್ಪಳಿಯ ಕವಿಮನೆಯಲ್ಲಿ ಕಂಬ, ಬಾಗಿಲು, ಮೆತ್ತುಗಳನ್ನು ಕಂಡವರಿಗೂ ನಾನು ಹೇಳುತ್ತಿರುವುದು ಗೊತ್ತು. ಪಟೇಲರ, ಶಾನುಭೋಗರ ಮನೆಗಳಿಗೆ ಅಮಲ್ದಾರರು ಬರತೊಡಗಿದ ಮೇಲೆ, ಶಾಲೆ, ಕಚೇರಿಗಳು ಎದ್ದಮೇಲೆ, ಕುರ್ಚಿ, ಒರಗುಬೆಂಚು, ಸೋಫಾ ಬೇಕಾದವು. ಊರ ಆಚಾರರು ಬ್ರಿಟಿಷರ ಮಾದರಿ ನೋಡಿ, ಊರ ಮರದಲ್ಲಿ, ಊರ ಹವೆಗೆ ಹೊಂದುವಂತೆ ಮಾಡಿಕೊಟ್ಟರು. ಮಾದರಿ ಹೊರಗಿನದು, ಮರವೂ ಬುದ್ಧಿಯೂ ಇಲ್ಲಿಯವು. ಫ್ರೆಂಚ್ ಮಾದರಿಯನ್ನು ಸ್ವೀಡನ್ನಿನವರು ತಮ್ಮದು ಮಾಡಿಕೊಂಡದ್ದೂ ಹೀಗೇ.

ಊರ ಹವೆ ಎಂದೆನಲ್ಲ, ಆ ಮಾತನ್ನು ಬಿಡಿಸಿ ಹೇಳಬೇಕು. ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಆಷಾಢದಲ್ಲಿ ಹೊಸಿಲ ಬಾಗಿಲು ಉಬ್ಬಿ ಹಾಕಲಾಗುವುದಿಲ್ಲ, ಶಿವರಾತ್ರಿ ಕಳೆದರೆ ಅದೇ ಬಾಗಿಲು ಸಡಿಲ. ಮರ ಎಷ್ಟು ಹಳೆಯದಾದರೂ ತೇವ ಕುಡಿಯುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ, ಅದರಲ್ಲೂ ಅಗಲದ ಕಡೆಗೆ. ಕಬ್ಬಿಣದ ಮೊಳೆ ಹೊಡೆದು ಬಿಗಿದರೆ ಮೊಳೆ ತುಕ್ಕು ಹಿಡಿದು ಸಡಿಲಾಗುತ್ತದೆ, ಇಲ್ಲವೇ ಮರ ಸೀಳುತ್ತದೆ. ಅದಕ್ಕೇ ಆಚಾರರು ಒಂದು ತುಂಡಿನ ತುದಿಯನ್ನು ನಾಲಿಗೆಯಾಗಿ ಕೆತ್ತಿ, ಇನ್ನೊಂದರಲ್ಲಿ ಅಷ್ಟೇ ಅಳತೆಯ ಕಂಡಿ ಕೊರೆದು ಕೂಡಿಸಿ, ಅಡ್ಡಕ್ಕೆ ಬೈರಿಗೆಯಿಂದ ತೂತು ಹಾಕಿ ಮರದ ಇಲ್ಲವೇ ಬಿದಿರ ಗೂಟ ಬಡಿಯುತ್ತಿದ್ದರು. ಮರ ಉಬ್ಬಿದರೆ ಗೂಟವೂ ಉಬ್ಬುತ್ತದೆ. ಬೆನ್ನಿನ ಹಲಗೆಯನ್ನು ಅಂಟು ಹಾಕದೆ ಚೌಕಟ್ಟಿನಲ್ಲಿ ಉದ್ದಕ್ಕೆ ಕೊರೆದ ಗಾಡಿಯಲ್ಲಿ ಸಡಿಲಾಗಿ ಕೂರಿಸುತ್ತಿದ್ದರು, ಹಿಗ್ಗಲು ಕುಗ್ಗಲು ಜಾಗವಿರಲೆಂದು. ಸ್ವೀಡನ್ನಿನ ತೊಂದರೆ ಇದರ ಉಲ್ಟಾ. ಅಲ್ಲಿ ಚಳಿಗಾಲದಲ್ಲಿ ಒಲೆ ಉರಿಸಿ ಬೆಚ್ಚಗಿಟ್ಟ ಕೋಣೆಯ ಗಾಳಿ ಒಣಗಿ ಮರ ಬಿರಿಯುತ್ತದೆ. ಅಲ್ಲಿನವರು ಕಂಡುಕೊಂಡ ಉಪಾಯವೂ ನಾಲಿಗೆ, ಕಂಡಿ, ಗೂಟವೇ.

ಮರದ ಆಯ್ಕೆಯಲ್ಲಿ ಹಳಬರು ಬಹಳ ಕಟ್ಟುನಿಟ್ಟು. ಬೀಟೆ, ತೇಗ, ಹಲಸು, ಹೆಬ್ಬಲಸು, ಹೊನ್ನೆ, ಮತ್ತಿ ಪ್ರತಿಯೊಂದಕ್ಕೂ ಅದರದೇ ಜಾಗ. ತೇಗ ತನ್ನ ಎಣ್ಣೆಯಂಶದಿಂದ ಗೆದ್ದಲನ್ನು ದೂರ ಇಡುತ್ತದೆ, ಉಳಿಗೆ ಸುಲಭವಾಗಿ ಬಗ್ಗುತ್ತದೆ. ಹಲಸಿನದು ಮೊದಲು ಅರಿಸಿನದ ಹಳದಿ, ವರ್ಷಗಳು ಕಳೆದಂತೆ ಜೇನಿನ ಬಣ್ಣ. ಬೀಟೆ ಬಲು ಭಾರ, ಬಲು ಹಟಮಾರಿ. ಉಳಿಯನ್ನು ಮತ್ತೆ ಮತ್ತೆ ಮಸೆಯಬೇಕು. ಆದರೆ ಅದರಲ್ಲಿ ಒಮ್ಮೆ ಕೂರಿಸಿದ ಕೂಡು ನೂರು ವರ್ಷಕ್ಕೂ ಕದಲುವುದಿಲ್ಲ. ಕುಯ್ದ ಹಲಗೆಯನ್ನು ನೆರಳಿನಲ್ಲಿ, ನಡುನಡುವೆ ರೀಪು ಕೊಟ್ಟು ಅಟ್ಟಿ ಹಾಕಿ, ಅಂಗುಲ ದಪ್ಪಕ್ಕೆ ಒಂದು ವರ್ಷದ ಲೆಕ್ಕದಲ್ಲಿ ಒಣಗಿಸಬೇಕು ಎಂಬುದು ಕಸುಬಿನ ಲೆಕ್ಕ. ಮಗಳ ಮದುವೆಗೆ ಕೊಡುವ ಸೋಫಾದ ಹಲಗೆಯನ್ನು ಮಗಳು ಶಾಲೆಯಲ್ಲಿರುವಾಗಲೇ ಅಟ್ಟದ ಮೇಲೆ ಹಾಕಿಡುತ್ತಿದ್ದ ಮನೆಗಳಿದ್ದವು.

ಭದ್ರಾವತಿಯ ಮಾತು ಬೇರೆ. ವಿಶ್ವೇಶ್ವರಯ್ಯನವರ ಹಟದಿಂದ ಎದ್ದ ಮೈಸೂರು ಕಬ್ಬಿಣದ ಕಾರ್ಖಾನೆಯ ಊದುಕುಲುಮೆ 1923ರಲ್ಲಿ ಉರಿಯತೊಡಗಿದ್ದು ಕಲ್ಲಿದ್ದಲಿನಿಂದಲ್ಲ, ಸುತ್ತಲ ಕಾಡಿನ ಮರದ ಇದ್ದಿಲಿನಿಂದ. 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆಗೂ ಕಾಡಿನದೇ ಬಿದಿರು. ಹಳೆ ಮೈಸೂರಿನ ಮೂಲೆಮೂಲೆಯಿಂದ, ತಮಿಳು, ತೆಲುಗು ಸೀಮೆಗಳಿಂದ ಕೆಲಸಕ್ಕೆ ಬಂದ ಸಂಸಾರಗಳು ಕ್ವಾರ್ಟರ್ಸುಗಳಲ್ಲಿ ನೆಲೆಯೂರಿದವು. ಅವರ ಮನೆಗಳಲ್ಲಿ ನಾನು ಕಂಡದ್ದು ಜಮೀನ್ದಾರರ ಕೆತ್ತನೆಯ ಸೋಫಾಗಳಲ್ಲ. ಅಲಂಕಾರವಿಲ್ಲದ, ನೆಟ್ಟಗೆರೆಯ, ಬೆತ್ತ ಹಾಕಿದ ತೇಗದ ಕುರ್ಚಿಗಳು, ಇಬ್ಬರು ಕೂರುವ ಪುಟ್ಟ ಸೋಫಾಗಳು. ಹಬ್ಬದ ಬೋನಸ್ಸಿನಲ್ಲಿ ಮಾಡಿಸಿದವು ಎಂದು ಮನೆಯ ಅಜ್ಜಿಯರು ಹೇಳುತ್ತಾರೆ. ಮೈಗೆ ಹೊಂದುವುದರಲ್ಲಿ ಅವು ಯಾವ ಗುಸ್ತಾವಿಯನ್ ಸೋಫಾಕ್ಕೂ ಕಡಿಮೆಯಿಲ್ಲ, ಗೆರೆಯ ಮಿತವ್ಯಯದಲ್ಲಂತೂ ಅದರ ಹತ್ತಿರದ ಬಂಧುಗಳು. ಒಂದೇ ಕಾಡು ಈ ಊರಿಗೆ ಇದ್ದಿಲನ್ನೂ ಕಾಗದವನ್ನೂ ಕುರ್ಚಿಯನ್ನೂ ಕೊಟ್ಟಿತು. ಇದ್ದಿಲು ಅಂದೇ ಉರಿದುಹೋಯಿತು. ಕಾಗದದ ಕಾರ್ಖಾನೆಯ ಉತ್ಪಾದನೆ ನಿಂತು ಎಷ್ಟೋ ವರ್ಷವಾಯಿತು. ಆ ಕುರ್ಚಿಯಲ್ಲಿ ಇವತ್ತೂ ಮೊಮ್ಮಗ ಕೂತು ಓದುತ್ತಾನೆ.

ಇನ್ನು ಬೆತ್ತ. ಸೋಫಾದ ಚೌಕಟ್ಟಿಗೆ ಕೊಡುವ ಗೌರವವನ್ನು ಜನ ಬೆತ್ತಕ್ಕೆ ಕೊಡುವುದಿಲ್ಲ. ಅದು ನನಗೆ ಸದಾ ಬೇಸರದ ಸಂಗತಿ. ಬೆತ್ತ ಎಂಬುದು ಮರಗಳನ್ನು ಹತ್ತಿ ಹಬ್ಬುವ ಮುಳ್ಳಿನ ತಾಳೆಜಾತಿಯ ಬಳ್ಳಿ. ನಮ್ಮ ಘಟ್ಟದ ಕಾಡುಗಳಲ್ಲಿ ಹಂದಿಬೆತ್ತ, ನಾಗಬೆತ್ತ ಎಂದು ಬಗೆಗಳಿವೆ. 17ನೇ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಗಳ ಹಡಗುಗಳು ಏಷ್ಯಾದಿಂದ ಬೆತ್ತವನ್ನು ಯೂರೋಪಿಗೆ ಒಯ್ದ ಮೇಲೆ ಅಲ್ಲಿ ಬೆತ್ತದ ಕುರ್ಚಿಗಳ ಹುಚ್ಚೇ ಹಬ್ಬಿತು, ಸ್ವೀಡನ್ನಿಗೂ ತಲುಪಿತು. ನೇಯಲು ಬಳಸುವುದು ಬಳ್ಳಿಯ ಹೊರಗಿನ ಹೊಳಪಿನ ಸಿಪ್ಪೆಯನ್ನು ಉದ್ದಕ್ಕೆ ಸೀಳಿ ತೆಗೆದ ಎಳೆ.

ಕೆಲಸ ಹೀಗೆ. ಚೌಕಟ್ಟಿನ ಸುತ್ತ ಅರ್ಧ ಅಂಗುಲಕ್ಕೊಂದರಂತೆ ತೂತುಗಳಿರುತ್ತವೆ. ಎಳೆಗಳನ್ನು ನೀರಲ್ಲಿ ನೆನೆಹಾಕಿ ಮೆದುಮಾಡಿಕೊಳ್ಳಬೇಕು. ಮೊದಲು ಹಿಂದಿನಿಂದ ಮುಂದಕ್ಕೆ ಒಂದು ಸುತ್ತು, ಅದರ ಮೇಲೆ ಎಡದಿಂದ ಬಲಕ್ಕೆ ಒಂದು. ಮತ್ತೆ ಹಿಂದಿನಿಂದ ಮುಂದಕ್ಕೆ, ಈ ಸಲ ಮೊದಲಿನ ಎಳೆಯ ಪಕ್ಕಕ್ಕೆ ಸರಿಸಿ. ನಾಲ್ಕನೆಯ ಸುತ್ತಿನಿಂದ ನಿಜವಾದ ನೇಯ್ಗೆ ಶುರು, ಒಂದರ ಮೇಲೆ ಒಂದರ ಕೆಳಗೆ. ಆಮೇಲೆ ಮೂಲೆಯಿಂದ ಮೂಲೆಗೆ ಓರೆಯಾಗಿ ಎರಡು ಸುತ್ತು, ಒಂದಕ್ಕೊಂದು ಎದುರು ದಿಕ್ಕಿನಲ್ಲಿ. ಆರೂ ಮುಗಿದಾಗ ಎಂಟು ಮೂಲೆಯ ಕಣ್ಣುಗಳು ತಾವಾಗಿ ಮೂಡುತ್ತವೆ. ಕೊನೆಗೆ ಅಂಚಿನ ತೂತುಗಳನ್ನು ಮುಚ್ಚುವ ದಪ್ಪ ಎಳೆಯೊಂದರ ಕಟ್ಟು. ನುರಿತ ಕೈಗೂ ಒಂದು ಕುರ್ಚಿಗೆ ಒಂದು ದಿನ ಹಿಡಿಯುತ್ತದೆ. ಎಳೆ ಒಣಗುತ್ತಾ ಬಿಗಿಯುತ್ತದೆ. ಮರುದಿನ ಬೆರಳಿನಿಂದ ಮೀಟಿದರೆ ಸಣ್ಣಗೆ ನಾದ ಬರಬೇಕು. ಬರದಿದ್ದರೆ ನೇಯ್ದವರು ಎಲ್ಲೋ ಒಂದು ಸುತ್ತಿನಲ್ಲಿ ಕೈ ಸಡಿಲಬಿಟ್ಟಿದ್ದಾರೆ ಎಂದರ್ಥ.

ಈ ಕಸುಬಿಗೂ ದೃಷ್ಟಿಯಿಲ್ಲದವರಿಗೂ ಹಳೆಯ ಸಂಬಂಧವಿದೆ. ಅಂಧರ ಶಾಲೆಗಳಲ್ಲಿ ಕುರ್ಚಿಗೆ ಬೆತ್ತ ಹಾಕುವುದನ್ನು ದಶಕಗಳ ಕಾಲ ಜೀವನೋಪಾಯವಾಗಿ ಕಲಿಸಿದರು. ಸರ್ಕಾರಿ ಕಚೇರಿಗಳ, ರೈಲ್ವೆಯ, ಬ್ಯಾಂಕುಗಳ ಕುರ್ಚಿಗಳನ್ನು ಅವರ ಬೆರಳುಗಳೇ ನೇಯ್ದವು. ಕಣ್ಣಿಗಿಂತ ಬೆರಳಿಗೆ ಹೆಚ್ಚು ತಿಳಿಯುವ ಕೆಲಸ ಇದು, ಎಳೆಯ ಬಿಗಿ ಕಾಣುವಂಥದ್ದಲ್ಲ. ಪ್ಲಾಸ್ಟಿಕ್ ವಯರ್ ಬಂದಿತು, ಆಮೇಲೆ ಗಾಲಿ ಕುರ್ಚಿಗಳು ಬಂದವು, ಕಚೇರಿಗಳಲ್ಲಿ ಬೆತ್ತ ಕಾಣೆಯಾಯಿತು. ಅದರ ಜೊತೆ ಸಾವಿರಾರು ಕೈಗಳ ಕೆಲಸವೂ ಹೋಯಿತು. ಶಿವಮೊಗ್ಗದಲ್ಲಿ ಈಗ ಬೆತ್ತ ಹಾಕುವವರನ್ನು ಹುಡುಕಿಕೊಂಡು ಅವರಿವರನ್ನು ಕೇಳುತ್ತಾ ಹೋಗಬೇಕು. ಅಂಗಡಿಗಳಲ್ಲಿ ಯಂತ್ರದಲ್ಲಿ ನೇಯ್ದ ಬೆತ್ತದ ಹಾಸು ಸಿಗುತ್ತದೆ, ಚೌಕಟ್ಟಿನ ಗಾಡಿಯಲ್ಲಿ ಒತ್ತಿ ಕೂರಿಸುತ್ತಾರೆ. ಅದೂ ತಪ್ಪಲ್ಲ, ಆದರೆ ಹಳೆಯ ಚೌಕಟ್ಟಿಗೆ ತೂತುಗಳಿದ್ದರೆ ಆ ತೂತು ಮುಚ್ಚಿಸಿ ಗಾಡಿ ಕೊರೆಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಒಮ್ಮೆ ಕೊರೆದರೆ ಮತ್ತೆ ಕೈನೇಯ್ಗೆಗೆ ದಾರಿಯಿಲ್ಲ.

ಮಲೆನಾಡಿಗೆ ಬೆತ್ತ ಯಾಕೆ ಒಗ್ಗಿತು ಎಂಬುದಕ್ಕೆ ಮಳೆಗಾಲವೇ ಉತ್ತರ. ಹತ್ತಿ ತುಂಬಿದ ಮೆತ್ತೆ ಜುಲೈ ತಿಂಗಳಲ್ಲಿ ಬೂಷ್ಟು ಹಿಡಿದು ಮುಗ್ಗಲು ವಾಸನೆ ಬರುತ್ತದೆ. ಬೆತ್ತದ ಮೂಲಕ ಗಾಳಿ ಆಡುತ್ತದೆ, ಬೆವರು ನಿಲ್ಲುವುದಿಲ್ಲ, ತೇವ ಕೂರುವುದಿಲ್ಲ. ತಿಗಣೆಯಾದರೆ ಕುರ್ಚಿಯನ್ನು ಅಂಗಳಕ್ಕೆ ಒಯ್ದು ಕುದಿಯುವ ನೀರು ಹೊಯ್ಯುತ್ತಿದ್ದದ್ದು ಹಳಬರಿಗೆಲ್ಲ ನೆನಪಿದೆ. ಆ ಬಿಸಿನೀರಿನಿಂದ ಇನ್ನೊಂದು ಉಪಕಾರವೂ ಆಗುತ್ತಿತ್ತು. ಜೋತುಬಿದ್ದ ಬೆತ್ತ ನೀರು ಕುಡಿದು, ಒಣಗುವಾಗ ಮತ್ತೆ ಬಿಗಿಯಾಗುತ್ತಿತ್ತು. ಮನೆಯಲ್ಲಿ ಬೆತ್ತ ಹರಿಯದೆ ಬರೀ ಕುಸಿದಿದ್ದರೆ ಇಂದೂ ಇದನ್ನು ಮಾಡಬಹುದು. ಕವುಚಿ ಹಾಕಿ ಅಡಿಯಿಂದ ಬಿಸಿನೀರಿನ ಬಟ್ಟೆಯಲ್ಲಿ ಚೆನ್ನಾಗಿ ತೋಯಿಸಿ, ನೆರಳಲ್ಲಿ ಒಣಗಿಸಿ, ಪೂರ್ತಿ ಒಣಗುವವರೆಗೆ ಯಾರೂ ಕೂರದಿದ್ದರೆ ಆಯಿತು. ಮೇಲಿನ ಹೊಳಪಿನ ಮೈ ನೀರು ಹೀರುವುದಿಲ್ಲ, ಹೀರುವುದು ಅಡಿಯ ಮೈ. ಪಾಲಿಶಿಗೂ ನೀರು ತಾಗಬಾರದು.

ಸುಖದ ವಿಚಾರಕ್ಕೆ ಬರೋಣ. ಮೆತ್ತಗಿದ್ದಷ್ಟೂ ಸುಖ ಎಂಬ ನಂಬಿಕೆ ಫೋಮಿನ ಜೊತೆ ಬಂದದ್ದು. ಪಾಲಿಯುರೆಥೇನನ್ನು 1937ರಲ್ಲಿ ಜರ್ಮನಿಯ ಆಟೊ ಬೇಯರ್ ಮತ್ತು ಜೊತೆಗಾರರು ಕಂಡುಹಿಡಿದರು, ಯುದ್ಧದ ನಂತರ ಅದರ ಫೋಮು ಮನೆಮನೆಯ ಸೋಫಾಗಳನ್ನು ತುಂಬಿತು. ಅಂಗಡಿಯಲ್ಲಿ ಕೂತ ಐದು ನಿಮಿಷ ಅದು ಹಿತವೇ. ಅರ್ಧ ಗಂಟೆ ಕಳೆದರೆ ಸೊಂಟ ಹಳ್ಳದಲ್ಲಿ, ಮಂಡಿ ಮೇಲೆ, ಬೆನ್ನು ಬಿಲ್ಲು. ವಯಸ್ಸಾದವರಂತೂ ಏಳಲು ಯಾರದಾದರೂ ಕೈ ಹುಡುಕಬೇಕು. ಹಳೆಯ ಬೀಟೆ ಸೋಫಾದಲ್ಲಿ ಕೂರುವ ಎತ್ತರ ಸುಮಾರು 17 ಅಂಗುಲ, ಪಾದ ಎರಡೂ ನೆಲ ಮುಟ್ಟುತ್ತವೆ. ಬೆನ್ನಿನ ಪಟ್ಟಿ ಸ್ವಲ್ಪವೇ ಹಿಂದಕ್ಕೆ ವಾಲಿದೆ. ಕೈಯಿಡುವ ಹಲಗೆ ಮೊಣಕೈಗೆ ಸರಿಯಾಗಿ ಸಿಗುತ್ತದೆ, ಏಳುವಾಗ ಅದನ್ನೇ ಊರಿ ಏಳಬಹುದು. ಈ ಲೆಕ್ಕವನ್ನು ಆಚಾರರು ಕಲಿತದ್ದು ಪುಸ್ತಕದಿಂದಲ್ಲ. ಮನೆಯ ಯಜಮಾನರನ್ನು ಮಣೆಯ ಮೇಲೆ ಕೂರಿಸಿ, ಮಂಡಿಯಿಂದ ಹಿಮ್ಮಡಿಯವರೆಗೆ ಕಡ್ಡಿಯಿಂದ ಅಳೆದುಕೊಂಡು ಹೋಗುತ್ತಿದ್ದರಂತೆ.

ವಿಜ್ಞಾನವಾಗಿ ಇದನ್ನು ಹೇಳಿದವರಲ್ಲಿ ಸ್ವೀಡನ್ನಿನವರೂ ಇದ್ದಾರೆ. ಬೆಂಗ್ಟ್ ಓಕರ್‌ಬ್ಲೂಮ್ ಎಂಬ ವೈದ್ಯ 1948ರಲ್ಲಿ ನಿಲ್ಲುವ, ಕೂರುವ ಭಂಗಿಗಳ ಮೇಲೆ ಪ್ರಬಂಧ ಪ್ರಕಟಿಸಿದರು. ಸೊಂಟದ ಭಾಗಕ್ಕೆ ಆಸರೆ ಬೇಕು, ಪಾದ ನೆಲ ಮುಟ್ಟಬೇಕು ಎಂದು ತೋರಿಸಿ, ಬೆನ್ನಿನ ಭಾಗ ಬಾಗಿದ ಒಂದು ಕುರ್ಚಿಯ ಮಾದರಿಯನ್ನೇ ರೂಪಿಸಿದರು. ಅದಕ್ಕೂ ಮೊದಲು, 1931ರಲ್ಲಿ, ಬ್ರೂನೊ ಮ್ಯಾತ್ಸನ್ ಎಂಬ ಬಡಗಿಯ ಮಗ ತನ್ನೂರು ವಾರ್ನಮೋದ ಆಸ್ಪತ್ರೆಗೆ ಒಂದು ಕುರ್ಚಿ ಮಾಡಿಕೊಟ್ಟ. ಸ್ಪ್ರಿಂಗು, ಕೂದಲು, ಮೆತ್ತೆ ಎಲ್ಲವನ್ನೂ ಕಿತ್ತೊಗೆದು, ಬಾಗಿಸಿದ ಮರದ ಚೌಕಟ್ಟಿಗೆ ನಾರಿನ ಪಟ್ಟಿಗಳನ್ನು ಹೆಣೆದ. ಆಸ್ಪತ್ರೆಯವರಿಗೆ ಅದು ಹಿಡಿಸಲಿಲ್ಲ, ಅಟ್ಟ ಸೇರಿತು. ಮುಂದೆ ಅದೇ ಮಾದರಿ ಜಗತ್ತಿನ ವಸ್ತುಸಂಗ್ರಹಾಲಯಗಳಿಗೆ ಹೋಯಿತು. ನವಾರು ಮಂಚದ ಮೇಲೆ ಹುಟ್ಟಿ ಬೆಳೆದ ನಮ್ಮ ಅಜ್ಜಿಯರು ಆ ಕುರ್ಚಿಯನ್ನು ಕಂಡಿದ್ದರೆ ಅಚ್ಚರಿಪಡುತ್ತಿರಲಿಲ್ಲ. ಮೈಯ ಭಾರಕ್ಕೆ ತಕ್ಕಷ್ಟೇ ಬಾಗಿ, ಎದ್ದಮೇಲೆ ಮೊದಲಿನಂತಾಗುವ ಹೆಣಿಗೆಯ ಗುಣ ಅವರಿಗೆ ಗೊತ್ತಿತ್ತು.

ಹಳೆಯ ಸೋಫಾದ ದೊಡ್ಡ ಗುಣ ನನ್ನ ಮಟ್ಟಿಗೆ ಇದು: ಅದನ್ನು ಬಿಚ್ಚಬಹುದು. ಗೂಟ ಹೊಡೆದು ತೆಗೆದರೆ ಕಾಲು ಕಳಚುತ್ತದೆ, ಸವೆದ ನಾಲಿಗೆಗೆ ಹೊಸ ತುಂಡು ಸೇರಿಸಿ ಮತ್ತೆ ಕೂಡಿಸಬಹುದು. ಬೆತ್ತ ಹರಿದರೆ ಚೌಕಟ್ಟು ಹಾಳಾಗುವುದಿಲ್ಲ. ಪಾಲಿಶ್ ಕೂಡ ಹಾಗೇ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯುಂಡೆಯನ್ನು ಬಟ್ಟೆಯಲ್ಲಿ ಸುತ್ತಿ, ತೆಳ್ಳಗೆ ಹತ್ತಾರು ಸಲ ಉಜ್ಜುವ ಫ್ರೆಂಚ್ ಪಾಲಿಶಿನಲ್ಲಿ ಹೊಸ ಪದರ ಹಳೆಯ ಪದರದೊಳಗೆ ಕರಗಿ ಒಂದಾಗುತ್ತದೆ. ಬಿಸಿ ಕಾಫಿ ಲೋಟದ ಬಿಳಿ ಉಂಗುರ ಬಿದ್ದರೂ ಅಷ್ಟು ಜಾಗವನ್ನೇ ಸರಿಮಾಡಬಹುದು. ಪ್ಲಾಸ್ಟಿಕ್ಕಿನಂತೆ ಮೈಮುಚ್ಚುವ ಈಗಿನ ವಾರ್ನಿಶುಗಳಲ್ಲಿ ಈ ಸೌಲಭ್ಯವಿಲ್ಲ, ಗೀರಿದರೆ ಪೂರ್ತಿ ಕೆರೆದು ತೆಗೆಯಬೇಕು. ಮರದ ಪುಡಿ ಒತ್ತಿ ಮಾಡಿದ ಹಲಗೆಯ ಪೀಠೋಪಕರಣವನ್ನು ಒಂದೆರಡು ಸಲ ಬಿಚ್ಚಿ ಜೋಡಿಸಿದರೆ ತಿರುಪು ಹಿಡಿಯುವ ಜಾಗವೇ ಉದುರುತ್ತದೆ.

ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗುವವರು ತುಮಕೂರು ರಸ್ತೆಯ ನಾಗಸಂದ್ರದಲ್ಲಿ ನೀಲಿ ಹಳದಿಯ ಭಾರೀ ಮಳಿಗೆ ನೋಡಿರುತ್ತಾರೆ. 2022ರ ಜೂನಿನಲ್ಲಿ ತೆರೆದ ಸ್ವೀಡಿಶ್ ಕಂಪನಿ ಐಕಿಯಾದ ಅಂಗಡಿ ಅದು. ಇದೇ ಕಂಪನಿ 1990ರ ದಶಕದಲ್ಲಿ ತನ್ನ ದೇಶದ ಪುರಾತತ್ವ ಇಲಾಖೆಯ ಜೊತೆ ಸೇರಿ 18ನೇ ಶತಮಾನದ ಕುರ್ಚಿ, ಸೋಫಾಗಳ ನಿಷ್ಠ ಪ್ರತಿಗಳನ್ನು ಮಾಡಿ ಮಾರಿತು ಎಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. ಹಳೆಯದನ್ನು ಅಳೆದು, ಬಿಡಿಸಿ, ದಾಖಲಿಸಿಟ್ಟಿದ್ದರಿಂದ ಅದು ಸಾಧ್ಯವಾಯಿತು. ನಮ್ಮಲ್ಲಿ ಯಾವ ಇಲಾಖೆ ಮಲೆನಾಡಿನ ಒಂದು ಒರಗುಬೆಂಚಿನ ಅಳತೆ ತೆಗೆದಿಟ್ಟಿದೆ?

ಈ ನಡುವೆ ಸೋಫಾಗಳು ಹೋಗುತ್ತಿವೆ. 1960ರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯ ನೀರಿಗೆ ಊರು ಬಿಟ್ಟು ಬಂದ ಸಂಸಾರಗಳು ಶಿವಮೊಗ್ಗದ ಸುತ್ತ ನೆಲೆನಿಂತಾಗ, ತಂದ ಸಾಮಾನಿನಲ್ಲಿ ಮರಮುಟ್ಟೇ ಹೆಚ್ಚು ಬೆಲೆಯದು. ಅದರಲ್ಲಿ ಎಷ್ಟೋ ಆಮೇಲಿನ ಕಷ್ಟಗಳಲ್ಲಿ ಮಾರಿಹೋಯಿತು. ಈಗ ಮಾರುವುದಕ್ಕೆ ಕಷ್ಟವೇ ಬೇಕಿಲ್ಲ. ಮನೆ ಒಡೆದು ಫ್ಲ್ಯಾಟ್ ಕಟ್ಟುವಾಗ, ಲಿಫ್ಟಿನಲ್ಲಿ ಹಿಡಿಸದು ಎಂದು, ಹೊಸ ಸೊಸೆಗೆ ಹಳೆಯದು ಕಾಣಬಾರದು ಎಂದು ಕೊಟ್ಟುಬಿಡುತ್ತಾರೆ. ಲಾರಿ ತುಂಬಿ ಕಾರೈಕುಡಿಗೆ, ಕೊಚ್ಚಿಯ ಜ್ಯೂ ಟೌನಿಗೆ ಹೋಗುವ ಹಳೆ ಸಾಮಾನಿನ ವ್ಯಾಪಾರಕ್ಕೆ ಬೀಟೆ ಎಂದರೆ ಚಿನ್ನ. ಯಾಕೆಂದರೆ ಹೊಸ ಬೀಟೆ ಸಿಗುವುದು ದುರ್ಲಭ. ಬೀಟೆ ಅಪಾಯದ ಅಂಚಿನ ಮರಗಳ ಪಟ್ಟಿಯಲ್ಲಿದೆ. 2017ರಿಂದ ಡಾಲ್‌ಬರ್ಗಿಯಾ ಕುಲದ ಮರಗಳೆಲ್ಲದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ಕಡಿವಾಣವಿದೆ. ಅದು ಸರಿಯಾದ ಕಡಿವಾಣ, ನನಗೆ ಅದರ ಬಗ್ಗೆ ತಕರಾರಿಲ್ಲ. ಹೊಸದನ್ನು ಕಡಿಯಬಾರದು ಎನ್ನುವುದಾದರೆ ಇರುವುದನ್ನು ಉಳಿಸಿಕೊಳ್ಳುವ ಜವಾಬ್ದಾರಿ ಇಮ್ಮಡಿಯಾಗುತ್ತದೆ ಎಂಬುದಷ್ಟೇ ನನ್ನ ಮಾತು.

ಸ್ವೀಡನ್ನಿನಲ್ಲಿ ಆರ್ಟೂರ್ ಹಾಸೆಲಿಯಸ್ ಎಂಬ ಮೇಷ್ಟ್ರು, ಕಾರ್ಖಾನೆಯ ಸಾಮಾನು ಹಳ್ಳಿಹಳ್ಳಿಗೂ ನುಗ್ಗಿ ಹಳೆಯದನ್ನೆಲ್ಲ ಹೊರಹಾಕುತ್ತಿದ್ದ ಕಾಲದಲ್ಲಿ, ರೈತರ ಮನೆಯ ಬೆಂಚು, ಪೆಟ್ಟಿಗೆ, ಬಟ್ಟೆಗಳನ್ನು ಕೂಡಿಹಾಕತೊಡಗಿದ. 1873ರಲ್ಲಿ ಆರಂಭವಾದ ಆ ಸಂಗ್ರಹವೇ ಇಂದಿನ ನಾರ್ಡಿಸ್ಕಾ ಮ್ಯೂಸಿಯಂ. 1891ರಲ್ಲಿ ಇಡೀ ಮನೆಗಳನ್ನೇ ಬಿಚ್ಚಿ ತಂದು ಸ್ಕಾನ್ಸೆನ್ ಎಂಬ ಬಯಲು ವಸ್ತುಸಂಗ್ರಹಾಲಯ ಕಟ್ಟಿದ. ನಮ್ಮಲ್ಲಿ ಅಂಥದೇ ಹುಚ್ಚು ಹಿಡಿಸಿಕೊಂಡವರು ಮಣಿಪಾಲದ ವಿಜಯನಾಥ ಶೆಣೈ. ಕೆಡವಲಿದ್ದ ಹಳೆಯ ಮನೆಗಳನ್ನು ತುಂಡುತುಂಡಾಗಿ ಸಾಗಿಸಿ, ಹಸ್ತಶಿಲ್ಪದ ಆವರಣದಲ್ಲಿ ಮತ್ತೆ ನಿಲ್ಲಿಸಿದರು.

ಶಿವಮೊಗ್ಗಕ್ಕೆ ಅಷ್ಟು ದೊಡ್ಡ ಕೆಲಸ ಬೇಡ. ಶಿವಪ್ಪ ನಾಯಕ ಅರಮನೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಮಲೆನಾಡಿನ ಆಸನಗಳಿಗೆ ಒಂದು ಕೋಣೆ ಬಿಟ್ಟುಕೊಟ್ಟರೆ ಸಾಕು. ಜಗಲಿಯ ಒರಗುಬೆಂಚು, ಈಸಿ ಚೇರು, ಭದ್ರಾವತಿ ಕ್ವಾರ್ಟರ್ಸಿನ ತೇಗದ ಕುರ್ಚಿ, ಕಚೇರಿಯ ಬೆತ್ತದ ಕುರ್ಚಿ ಅಲ್ಲಿರಲಿ, ಪಕ್ಕದಲ್ಲಿ ಅವುಗಳ ಅಳತೆಯ ನಕ್ಷೆ. ಪಾಲಿಟೆಕ್ನಿಕ್ಕಿನ ವಿದ್ಯಾರ್ಥಿಗಳು ಒಂದು ಬೇಸಿಗೆಯಲ್ಲಿ ಮಾಡಿ ಮುಗಿಸಬಹುದಾದ ಕೆಲಸ. ವಾರಕ್ಕೊಂದು ದಿನ ಬೆತ್ತ ನೇಯುವವರೊಬ್ಬರಿಗೆ ಸಂಭಾವನೆ ಕೊಟ್ಟು ಅಲ್ಲಿ ಕೂರಿಸಿದರೆ ಕಲಿಯಬಯಸುವ ಹುಡುಗ ಹುಡುಗಿಯರು ಬರುತ್ತಾರೆ. ರಾಗಿಗುಡ್ಡದ ಆಚಾರರ ಬಳಿ ಈ ಯೋಚನೆ ಹೇಳಿದೆ. ಹುಡುಗರಿಗೆ ಮೊದಲು ಕಲಿಸಬೇಕಾದ್ದು ನೇಯುವುದನ್ನಲ್ಲ, ಎಳೆ ಸೀಳುವುದನ್ನು, ಅದಕ್ಕೆ ಒಳ್ಳೆ ಬೆತ್ತ ಎಲ್ಲಿಂದ ತರಿಸುತ್ತೀರಿ ಎಂದು ಕೇಳಿದರು. ಅರಣ್ಯ ಇಲಾಖೆ ಉತ್ತರಿಸಬೇಕಾದ ಪ್ರಶ್ನೆ ಅದು. ಘಟ್ಟದ ನೆಡುತೋಪುಗಳ ಅಂಚಿನಲ್ಲಿ ಬೆತ್ತ ಬೆಳೆಸಿ, ಕಟಾವಿನ ಒಂದು ಪಾಲನ್ನು ನೇಯುವವರಿಗೆ ನೇರವಾಗಿ ಕೊಡುವ ಏರ್ಪಾಡಾದರೆ, ಜಿಲ್ಲೆಯ ಅಟ್ಟಗಳಲ್ಲಿ ಹರಿದ ಬೆತ್ತದೊಂದಿಗೆ ಬಿದ್ದಿರುವ ಕುರ್ಚಿ, ಸೋಫಾಗಳು ಮತ್ತೆ ಜಗಲಿಗೆ ಇಳಿಯುತ್ತವೆ.